ಎದುರಂಗಡಿಯ ಲಿನಕ್ಸ್

ಹಾಸ್ಟೆಲ್ ಅರ್ಜಿಗೆ ಅದೇ ಕೊನೆಯ ದಿನ. ಹೊಳಲ್ಕೆರೆಯ ನನ್ನ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿಯಲ್ಲಿ ಒಬ್ಬ ತಾಯಿ ಮತ್ತು ಮಗಳು ಕಾದು ಕುಳಿತಿದ್ದಾಗಲೇ ಕಂಪ್ಯೂಟರ್ ತಾನಾಗಿ ಆಫ್ ಆಗಿ ಅಪ್‌ಡೇಟ್ ಶುರುವಾಯಿತು. ಮುಕ್ಕಾಲು ಗಂಟೆಯಾದರೂ ಮುಗಿಯಲಿಲ್ಲ. ಇಬ್ಬರೂ ಎದ್ದು ಎದುರಿನ ನಾಗವೇಣಿಯ ಅಂಗಡಿಗೆ ಹೋದರು.

ನನಗೆ ಹೊಟ್ಟೆ ಉರಿಯಿತು. ನನ್ನದು ಹೊಸ ವಿಂಡೋಸ್ ಕಂಪ್ಯೂಟರ್. ಅವಳದ್ದು ಯಾರೋ ಬೇಡವೆಂದು ಕೊಟ್ಟ ಹಳೆಯದು, ಅದಕ್ಕೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಂಡಿದ್ದಾಳೆ. ಅದು ನಿಂತದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಇವತ್ತಾದರೂ ನಿಲ್ಲಲಿ ಎಂದುಕೊಂಡೇ ರಸ್ತೆ ದಾಟಿದೆ. ಅಷ್ಟರಲ್ಲಿ ಹುಡುಗಿಯ ಅರ್ಜಿ ಪ್ರಿಂಟ್ ಆಗಿ ಹೊರಬರುತ್ತಿತ್ತು.

"ನಿನ್ನ ಲಿನಕ್ಸೇ ಗಟ್ಟಿ ಬಿಡಮ್ಮ" ಎಂದೆ, ಒಣ ನಗೆ ನಕ್ಕು.

"ನಿಮ್ದೂ ಗಟ್ಟಿನೇ ಐತಕ್ಕ. ಅಪ್‌ಡೇಟ್ ಕೇಳಿದಾಗೆಲ್ಲ ನಾಳೆ ನಾಳೆ ಅಂತ ತಳ್ತೀರಿ. ನಾನು ದಿನಾ ಬಾಗ್ಲು ಹಾಕೋ ಮುಂಚೆ ಮಾಡ್ಕಂತೀನಿ. ಬರ್ರಿ, ಉಳಿದ ಅರ್ಜಿ ಇಲ್ಲೇ ಕುಂತು ಹಾಕ್ರಿ" ಎಂದು ನಾಗವೇಣಿ ಕುರ್ಚಿ ಬಿಟ್ಟು ಎದ್ದಳು.

ಅಂದು ನಾಲ್ಕು ಅರ್ಜಿ ಅಲ್ಲೇ ಕುಳಿತು ಹಾಕಿದೆ. ಈಗ ನಾನೂ ಅಪ್‌ಡೇಟ್ ತಪ್ಪಿಸುವುದಿಲ್ಲ, ನನ್ನದೂ ನಿಲ್ಲುವುದಿಲ್ಲ. ಹೊಟ್ಟೆಯುರಿ ಮಾತ್ರ ಹೋಗಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಹಾಗೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ ಎಂಬುದು ನನಗೆ ಗೊತ್ತು.