ಖಾಲಿ ಎಂದು ಕತ್ತರಿಸಿದ ಮೂರು ನಿಮಿಷ

ಇಂಬಾಬಾ ಬಡಾವಣೆಯ ನಮ್ಮ ಗಲ್ಲಿಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಹಿರಿಮಗ ಸಬ್ರಿ, ಹಾಗಾಗಿ ಎಲ್ಲರಿಗೂ ಉಮ್ಮ್ ಸಬ್ರಿ, ಸಬ್ರಿಯ ತಾಯಿ. ಮರ್ಯಾದಸ್ಥ ಹೆಂಗಸಿನ ಹೆಸರು ಪರರ ಬಾಯಿಗೆ ಬೀಳಬಾರದೆಂದು ನಮ್ಮ ಹಿರಿಯರ ಕಟ್ಟಳೆ. ಆ ಹೆಸರಿನ ಮೇಲಿದ್ದ ಕಾಳಜಿಯಲ್ಲಿ ಕಾಲುಭಾಗವನ್ನು ಅವಳ ಮಂಡಿಯ ಮೇಲಿಟ್ಟಿದ್ದರೂ, ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಆ ಕಾಲು ಹೀಗೆ ಕೆಡುತ್ತಿರಲಿಲ್ಲ.

ಗಂಡ ಬದವಿ ಗಾರೆ ಕೆಲಸದವನು. ಇರಾಕಿಗೆ ಹೋದ. ಆಗ ಅರ್ಧ ಗಲ್ಲಿಯೇ ಇರಾಕಿನಲ್ಲಿತ್ತು. ಅವನಿಗೂ ಓದು ಬರದು, ಇವಳಿಗೂ ಬರದು. ಪತ್ರದ ಬದಲು ಕ್ಯಾಸೆಟ್. ಊರಿಗೆ ಹೊರಟವನ ಕೈಯಲ್ಲಿ ಮಾತು ತುಂಬಿ ಕಳಿಸುವುದು, ಇಲ್ಲಿ ಮನೆಮಂದಿ, ನೆರೆಯವರು ಸುತ್ತ ಕೂತು ಕೇಳುವುದು, ಆಮೇಲೆ ಅದರ ಮೇಲೆಯೇ ಉತ್ತರ ಮಾತಾಡಿ ವಾಪಸ್ ಕಳಿಸುವುದು. ಒಂದೇ ಕ್ಯಾಸೆಟ್ ಹತ್ತು ಸಲ ಹೋಗಿ ಬರುತ್ತಿತ್ತು. ನಾಲ್ಕು ವರ್ಷ ಆಕೆ ಕೈಯಾರೆ ಗಂಡನ ದನಿಯನ್ನು ಅಳಿಸುತ್ತ ಬಂದಳು. ಉಳಿದದ್ದು ಒಂದೇ. ಅದಕ್ಕೆ ಉತ್ತರ ತುಂಬುವ ಮೊದಲೇ, ಬಾಗ್ದಾದಿನಲ್ಲಿ ಗೋಡೆ ಕುಸಿದು ಬದವಿ ಸತ್ತ ಸುದ್ದಿ ಬಂತು.

ಅದರಲ್ಲಿ ಇರುವುದು ಅರ್ಧ ಗಂಟೆಯ ಸಲಾಮು. ಮೊದಲು ತನ್ನ ಪೂರ್ತಿ ಹೆಸರು, ಆಮೇಲೆ ಅಮ್ಮ, ಸೋದರಮಾವಂದಿರು, ಎದುರುಮನೆಯ ಇಸ್ತ್ರಿಯವನು, ಒಬ್ಬೊಬ್ಬರಿಗೂ ಹೆಸರು ಹೇಳಿ ಸಲಾಮು. ಹೆಂಡತಿಗೆ? "ಮನೆಯವ್ರಿಗೂ ಹೇಳಿ." ಮುಗಿಯಿತು. ಹತ್ತು ಜನ ಕಿವಿಗೊಟ್ಟು ಕೂತಿರುವಾಗ ಇನ್ನೇನು ಹೇಳಿಯಾನು? ಆದರೆ ಆ ಸಲ ಅವನು ಯಂತ್ರ ನಿಲ್ಲಿಸುವುದನ್ನು ಮರೆತ. ಬಹಳ ಹೊತ್ತು ಬರೀ ನಲ್ಲಿ ನೀರು, ಪಾತ್ರೆ ಸದ್ದು. ಆಮೇಲೆ ದೂರದಿಂದ, ಕೋಣೆಯ ಜೊತೆಗಾರನಿಗೆ ಹೇಳುತ್ತಾನೆ: "ಇದೂ ಒಂದು ಬೆಂಡೆಕಾಯಿ ಸಾರೇನೋ? ಕೈ ತೊಳೆದ ನೀರು! ಬೆಂಡೆಕಾಯಿ ಅಂದ್ರೆ ಇನ್ಸಾಫ್ ಮಾಡ್ಬೇಕು. ನಮ್ಮ ಇನ್ಸಾಫ್ ಬೆಳ್ಳುಳ್ಳಿ ಒಗ್ಗರಣೆ ಕೊಟ್ಲು ಅಂದ್ರೆ..." ನಗು. ಟೇಪು ಮುಗಿಯುತ್ತದೆ.

ಮೊದಲ ಸಲ ಎಲ್ಲರೂ ಕೇಳುವಾಗ ಅತ್ತೆ "ಹೆಂಡ್ತಿ ಹೆಸರು ಹೇಳ್ತಾನೆ, ನಾಚಿಕೆಗೆಟ್ಟವ್ನು!" ಎಂದು ಎದ್ದುಬಂದು ಗುಂಡಿ ಒತ್ತಿದಳಂತೆ. ಆಮೇಲೆ ಇನ್ಸಾಫ್ ಒಬ್ಬಳೇ ಕೇಳಿದಳು, ಟೇಪ್ ರೆಕಾರ್ಡರ್ ಕೆಟ್ಟು ರಿಪೇರಿಯವನೂ ಕೈಚೆಲ್ಲುವವರೆಗೆ. ಇದನ್ನೆಲ್ಲ ಬರೆಯಲೇ ಎಂದು ಆಕೆಯನ್ನೇ ಕೇಳಿದ್ದೇನೆ. "ಬರಿ ಉಸ್ತಾಜ್, ಅಕ್ಷರಕ್ಕೇನು ದನಿ ಇದ್ಯಾ?" ಎಂದಳು. ಉಸ್ತಾಜ್ ಎಂದರೆ ಮೇಷ್ಟ್ರು; ಓದು ಬಲ್ಲವನೆಂದು ಗಲ್ಲಿಯವರು ನನ್ನನ್ನು ಕರೆಯುವುದು ಹಾಗೆ.

ಎರಡು ವರ್ಷದ ಹಿಂದೆ ಯುಮ್ನಾ ಎಂಬ ಹುಡುಗಿ ಗಲ್ಲಿಗೆ ಬಂದಳು. ಶಬ್ದ ಕಲಾವಿದೆ, ಹಳೆಯ ದನಿಗಳನ್ನು ಸಂಗ್ರಹಿಸಿಡುವ ಸಂಸ್ಥೆಯವಳು. ಕ್ಯಾಸೆಟ್ ಕೊಟ್ಟರೆ ಫೋನಿನಲ್ಲಿ ಕೇಳುವಂತೆ ಮಾಡಿ ವಾರದಲ್ಲಿ ಹಿಂದಿರುಗಿಸುತ್ತೇನೆಂದಳು. ಫೋನಿಗೇನೋ ಬಂತು, "ಮನೆಯವ್ರಿಗೂ ಹೇಳಿ" ಎಂಬಲ್ಲಿಗೆ ನಿಂತಿತ್ತು. ಕ್ಯಾಸೆಟ್ ಬರಲಿಲ್ಲ. ಬಂದದ್ದು ಪ್ರದರ್ಶನದ ಆಮಂತ್ರಣ.

ಪೇಟೆಯ ಹಳೆಯ ಕಟ್ಟಡ, ನಾಲ್ಕನೇ ಮಹಡಿ, ಕೆಟ್ಟುನಿಂತ ಲಿಫ್ಟು. ಕತ್ತಲೆ ಕೋಣೆಯಲ್ಲಿ ನಲವತ್ತು ಸ್ಪೀಕರು, ನಲವತ್ತು ಗಂಡಸರು ಒಟ್ಟಿಗೇ ಸಲಾಮು ಹೇಳುವ ಗದ್ದಲ. ಗಂಡನೆಲ್ಲಿ ಎಂದು ಇನ್ಸಾಫ್ ಒಂದೊಂದಕ್ಕೂ ಕಿವಿಯಿಟ್ಟು ಹುಡುಕಿದಳು. ಗೋಡೆಯ ಮೇಲೆ ಹಣ ಕೊಟ್ಟವರ ಹೆಸರುಗಳೆಲ್ಲ ಇದ್ದವು. ಕೆಳಗೆ, 'ಅನಾಮಿಕ ವಲಸೆ ಕಾರ್ಮಿಕರ ದನಿಗಳು.' ತನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು ಹೇಳಿಯೇ ಬಾಯಿ ತೆರೆದವನು ಅನಾಮಿಕ!

ಕ್ಯಾಸೆಟ್ ಕೇಳಿಕೊಂಡು ಆ ಮೆಟ್ಟಿಲನ್ನು ಇನ್ಸಾಫ್, ನಾನು ಇಬ್ಬರೂ ನಾಲ್ಕು ಸಲ ಹತ್ತಿದೆವು.

"ಬನ್ನಿ ಹಾಜ್ಜಾ, ಕೂತ್ಕೊಳ್ಳಿ," ಎಂದಳು ಯುಮ್ನಾ.

"ಹಜ್ಜಿಗೆ ಎಲ್ಲಿ ಹೋದೆ ಮಗಳೇ, ನಿನ್ನ ಮೆಟ್ಟಿಲು ಹತ್ತೋದ್ರಲ್ಲೇ ಆಯಸ್ಸು ತೀರ್ತಾ ಇದೆ. ನನ್ನ ಕ್ಯಾಸೆಟ್ ಕೊಡು."

"ಫೋನಿಗೆ ಹಾಕ್ಕೊಟ್ಟಿದ್ದೀವಲ್ಲ? ಒಂದು ಚೂರೂ ಗೊರಗೊರ ಇಲ್ದಂಗೆ ಮಾಡಿದ್ದೀವಿ."

"ಕೊನೇದೆಲ್ಲಿ?"

"ಕೊನೇಲಿ ಏನಿಲ್ಲ ಹಾಜ್ಜಾ, ಖಾಲಿ. ಎಲ್ಲರದ್ದೂ ಖಾಲಿ ಭಾಗ ಕತ್ತರಿಸಿದ್ದೀವಿ."

"ಕೇಳಿ ಕತ್ತರಿಸಿದ್ರೋ, ಕತ್ತರಿಸಿ ಕೈತೊಳ್ಕೊಂಡ್ರೋ?" ಎಂದೆ ನಾನು.

"ನಾನೂರು ಕ್ಯಾಸೆಟ್ ಉಸ್ತಾಜ್. ನಾವು ಇಬ್ರೇ."

ಅವಳ ಕಣ್ಣ ಸುತ್ತಲೂ ಕಪ್ಪಿಟ್ಟಿತ್ತು. ಗೋಡೆಗೆ ಹೆಸರು ಕೆತ್ತಿಸಲು ದುಡ್ಡಿದ್ದ ಸಂಸ್ಥೆಗೆ ಮೂರನೆಯ ಜೊತೆ ಕಿವಿಗೆ ದುಡ್ಡಿರಲಿಲ್ಲ. ರಟ್ಟಿನ ಪೆಟ್ಟಿಗೆಗಳಲ್ಲಿ ಕ್ಯಾಸೆಟ್ಟಿಗೆ ಬರೀ ನಂಬರು. ಯಾವ ನಂಬರು ಯಾರ ಗಂಡನೋ ಯಾರಿಗೂ ಗೊತ್ತಿಲ್ಲ. ಮೂರು ಸಲ ಸಿಗಲಿಲ್ಲ. ಕಳೆದೇ ಹೋಯಿತು ಎಂದುಕೊಂಡೇ ಇನ್ಸಾಫ್ ನಾಲ್ಕನೆಯ ಸಲ ಮೆಟ್ಟಿಲು ಹತ್ತಿದಳು.

ಅವತ್ತು ಸಿಕ್ಕಿತು. ಯುಮ್ನಾ ಯಂತ್ರಕ್ಕೆ ಹಾಕಿದಳು. ಸಲಾಮುಗಳು, ನಲ್ಲಿ ನೀರು, ಪಾತ್ರೆ, ಬೆಂಡೆಕಾಯಿ, ನಗು. ಹುಡುಗಿ ಕಣ್ಣೊರೆಸಿಕೊಂಡಳು. ಕಲಾವಿದೆಯಲ್ಲವೇ, ಕೂಡಲೇ ಹೇಳಿದಳು: "ಇಡೀ ಸಂಗ್ರಹದಲ್ಲೇ ಇಂಥದ್ದು ಇನ್ನೊಂದಿಲ್ಲ. ಇದನ್ನೇ ನಡುವೆ ಇಡ್ತೀನಿ. ಇಬ್ಬರ ಹೆಸರೂ ದಪ್ಪಕ್ಷರದಲ್ಲಿ ಹಾಕಿಸ್ತೀನಿ. ಆಯ್ತಾ?"

"ಇದನ್ನ ನನ್ನ ಫೋನಿಗೆ ಹಾಕು. ಆಮೇಲೆ ನಿನ್ನ ಕಂಪ್ಯೂಟರಿಂದ ಅಳಿಸು. ನನ್ನೆದುರಿಗೇ."

"ಅಳಿಸೋದಾ? ಹಾಜ್ಜಾ, ನಾವಿರೋದೇ ಉಳ್ಸೋಕೆ!"

"ಸಲಾಮು ಊರಿಗೆ ಹೇಳಿದ್ದು, ಇಟ್ಕೋ. ಇದು ಅವನು ಯಾರಿಗೂ ಕೇಳಿಸ್ಲಿ ಅಂತ ಆಡಿದ್ದಲ್ಲ. ಅವನ ಪಾತ್ರೆ ತೊಳೆಯೋ ಸದ್ದಿಗೆ ಜನ ಬಂದು ಚಪ್ಪಾಳೆ ಹೊಡೀಬೇಕಾ?"

ಯುಮ್ನಾ ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ. ಫೋನಿಗೆ ಹಾಕಿದಳು, ಆಮೇಲೆ ಕೈ ಕಟ್ಟಿ ಕೂತಳು. ಇನ್ಸಾಫ್ ಮಂಡಿ ಒತ್ತಿಕೊಳ್ಳುತ್ತ ಕಾದಳು. ಚಹಾ ಬಂತು, ತಣ್ಣಗಾಯಿತು. ಕೊನೆಗೆ ಹುಡುಗಿ ಒಂದು ಗುಂಡಿ ಒತ್ತಿದಳು.

"ಹೋಯ್ತಾ?"

"ಹೋಯ್ತು."

ಇನ್ಸಾಫ್ ಕ್ಯಾಸೆಟ್ಟನ್ನು ಕೈಚೀಲಕ್ಕೆ ಹಾಕಿಕೊಂಡು, ಗೋಡೆ ಹಿಡಿದು ಎದ್ದಳು.