ಅತ್ತಿಗೆಗೆ ಕಂಡ ನೀಲಿ

ಆ ಹಕ್ಕಿ ಮೊದಲ ಸಲ ನನ್ನ ಕಣ್ಣಿಗೆ ಯಾವ ಬಣ್ಣದ್ದಾಗಿ ಕಂಡಿತ್ತು ಎಂದು ಬರೆಯಲು ಕೂತರೆ ಕೈ ತಡೆಯುತ್ತದೆ. ಬೂದಿಗೆ ಸ್ವಲ್ಪ ಹಸಿರು ಬೆರೆಸಿದ ಹಾಗಿತ್ತು ಎಂದು ಅವತ್ತೇ ಡೈರಿಯಲ್ಲಿ ಬರೆದಿದ್ದೇನೆ. ಆದರೆ ಈಗ ನೆನೆಸಿಕೊಂಡರೆ ತಂತಿಯ ಮೇಲೆ ಬಂದು ಕೂರುವುದು ನೀಲಿ ಹಕ್ಕಿಯೇ. ಆಮೇಲೆ ಕಂಡ ಬಣ್ಣವನ್ನು ನೆನಪು ಹಿಂದಕ್ಕೆ ಒಯ್ದು ಬಳಿದುಬಿಟ್ಟಿದೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವಾಗ, ನಡೆದು ಬಹಳ ಕಾಲವಾದ ಮೇಲೆ ಬರೆದದ್ದನ್ನು ನಂಬುವ ಮೊದಲು ಎರಡು ಸಲ ಯೋಚಿಸಿ ಎಂದು ಹುಡುಗರಿಗೆ ಹೇಳುತ್ತಿದ್ದೆ. ನೆನಪು ಕೆಡುವುದಕ್ಕೆ ಬಹಳ ಕಾಲವೇನೂ ಬೇಕಾಗುವುದಿಲ್ಲ ಎಂದು ಈಗ ಅನ್ನಿಸುತ್ತದೆ.

ನಾನಿರುವುದು ಹುಣಸೂರಿನಲ್ಲಿ. ಅಣ್ಣ ಅತ್ತಿಗೆಯ ಜಮೀನು ಅಂತರಸಂತೆಯ ಹತ್ತಿರ. ಹೊಲದ ಅಂಚಿನಲ್ಲಿ ಆನೆ ಕಂದಕ, ಅದರಾಚೆ ಕಾಡು. ಕೆಲಸದಿಂದ ನಿವೃತ್ತಳಾದ ಮೇಲೆ ಶಿವರಾತ್ರಿ ಕಳೆದದ್ದೇ ಅಲ್ಲಿಗೆ ಹೋಗಿ ಬರುವುದು ನನಗೆ ರೂಢಿಯಾಗಿದೆ. ಚಳಿಗಾಲಕ್ಕೆ ಬಂದ ಹಕ್ಕಿಗಳು ಇನ್ನೂ ಹೊರಟಿರುವುದಿಲ್ಲ. ಮರಗಳು ಎಲೆ ಉದುರಿಸಿಕೊಂಡು ನಿಂತಿರುವುದರಿಂದ ಹುಡುಕುವುದೂ ಸುಲಭ. ನನ್ನ ಹೆಗಲಿಗೆ ದುರ್ಬೀನು, ಕೈಚೀಲದಲ್ಲಿ ಹಕ್ಕಿಗಳ ಪುಸ್ತಕ. ಜೊತೆಗೆ ಅತ್ತಿಗೆ. ಮನೆ ತುಂಬ ಕೆಲಸ ಬಿದ್ದಿದೆ ಎಂದು ಗೊಣಗುತ್ತಲೇ ನನಗಿಂತ ಮೊದಲು ಚಪ್ಪಲಿ ಮೆಟ್ಟುವವರು ಅವರು. ಹೆಸರು ಗೊತ್ತಿಲ್ಲದ ಹಕ್ಕಿಗೆ ಅಲ್ಲೇ ಒಂದು ಹೆಸರಿಡುತ್ತಾರೆ, ಮುಂದಿನ ವಾರ ಅದನ್ನು ಮರೆತು ಇನ್ನೊಂದಿಡುತ್ತಾರೆ.

ಅವತ್ತು ಬೆಳಿಗ್ಗೆ ಪಂಪ್‌ಸೆಟ್ಟಿಗೆ ಹೋಗುವ ಕರೆಂಟು ತಂತಿಯ ಮೇಲೆ ಗುಬ್ಬಚ್ಚಿಗಿಂತ ತುಸು ಉದ್ದದ ಹಕ್ಕಿಯೊಂದು ನೆಟ್ಟಗೆ ಕೂತಿತ್ತು. ಇದ್ದಕ್ಕಿದ್ದಂತೆ ಗಾಳಿಗೆ ಹಾರಿ, ಏನನ್ನೋ ಕಚ್ಚಿಕೊಂಡು, ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತಿತ್ತು. ಕೂರುವ ರೀತಿ, ಹಾರಿ ಹಿಡಿಯುವ ರೀತಿ ನೋಡಿದರೆ ನೊಣಹಿಡುಕಗಳ ಜಾತಿಯದು, ಅದರಲ್ಲಿ ಅನುಮಾನವಿರಲಿಲ್ಲ. ಆದರೆ ಈ ಮಾಸಲು ಬಣ್ಣದ್ದನ್ನು ನಾನು ಎಂದೂ ನೋಡಿರಲಿಲ್ಲ. ಪುಸ್ತಕದ ಹಾಳೆ ಮಗುಚಿದೆ. ಬೂದಿ ಬಣ್ಣ ಎಂದು ಬರೆದಿದ್ದ ಯಾವ ಹಕ್ಕಿಗೂ ಅದು ಹೊಂದಲಿಲ್ಲ. ಎಲ್ಲೂ ಇಲ್ಲದ ಹಕ್ಕಿಯೇ ಸಿಕ್ಕಿತೇನೋ ಎಂದು ಒಂದು ಗಳಿಗೆ ಆಸೆಯೂ ಆಯಿತು.

ಅತ್ತಿಗೆ ಹಣೆಗೆ ಕೈ ಅಡ್ಡ ಹಿಡಿದು ನೋಡಿ, "ಮಿಂಚುಳ್ಳಿ ಇರ್ಬೇಕು ಬುಡು," ಅಂದರು.

ನನಗೆ ನಗು ಬಂತು. ಮಿಂಚುಳ್ಳಿಗೆ ಇಷ್ಟುದ್ದ ಕೊಕ್ಕಿರುತ್ತದೆ, ಇದರ ಕೊಕ್ಕು ಎಲ್ಲಿದೆ ತೋರಿಸಿ ಎಂದೆ. ಅವರು ದುರ್ಬೀನು ಇಸಿದುಕೊಂಡು ಬಹಳ ಹೊತ್ತು ನೋಡಿದರು.

"ಕೊಕ್ಕು ಸಣ್ಣುದ್ದೇ. ಒಪ್ಕತ್ತೀನಿ. ಆದ್ರೆ ಇಂಥಾ ನೀಲಿ ಇನ್ಯಾವುದುಕ್ಕೈತೆ?"

"ನೀಲಿ ಎಲ್ಲಿದೆ ಅತ್ತಿಗೆ? ಬೂದಿ ಬಣ್ಣ ಅದು."

"ಬೆಳ್‌ಬೆಳಿಗ್ಗೆ ತಮಾಸೆ ಮಾಡ್ಬ್ಯಾಡ ಕಣವ್ವ."

ನಾನು ತಮಾಷೆ ಮಾಡುತ್ತಿಲ್ಲ ಎಂದು ಅವರಿಗೆ ಹೇಗೆ ಹೊಳೆಯಿತೋ. ದುರ್ಬೀನು ನನ್ನ ಕೈಗೆ ಕೊಟ್ಟು, ಸೆರಗನ್ನು ಹಿಂದಕ್ಕೆ ಸರಿಸಿ, ರವಿಕೆಯ ತೋಳನ್ನು ನನ್ನ ಮುಖದ ಮುಂದೆ ಹಿಡಿದರು. ಅದು ಯಾವ ಬಣ್ಣ ಹೇಳು ಎಂದರು. ಹಸಿರು, ಸೀರೆಗೆ ಮ್ಯಾಚಿಂಗ್ ಅಂತ ದೀಪಾವಳಿಗೆ ನಾನೇ ತಂದುಕೊಟ್ಟದ್ದಲ್ಲವೇ ಎಂದೆ.

ಅತ್ತಿಗೆ ನಗಲಿಲ್ಲ. "ಸೀರೆ ಹಸುರು. ರವಿಕೆ ನೀಲಿ ಕಣವ್ವ. ಆ ಹಕ್ಕಿ ಇದ್ದಂಗೇ ಐತೆ. ನೀನು ಕೊಟ್ಟಾಗ್ಲೇ ಅಂದ್ಕಂಡೆ. ಓದಿರೋರ್ಗೆ ಈಗ ಇಂಗೇ ಫ್ಯಾಸನ್ನು ಇರ್ಬೇಕು ಅಂತ ಸುಮ್ಕಾದೆ."

ಕಂದಕದ ಆಚೆ ಮುತ್ತುಗದ ಮರ ಮೈತುಂಬ ಹೂ ಬಿಟ್ಟಿತ್ತು. ಅದರ ಕೆಂಪು ಎಂದಿನಂತೆ ಉರಿಯುತ್ತಿತ್ತು. ನನ್ನ ಕಣ್ಣಿನ ಮೇಲೆ ನನಗೆ ಅನುಮಾನ ಬಾರದಂತೆ ಇಷ್ಟು ದಿನ ಕಾಪಾಡಿದ್ದು ಆ ಕೆಂಪೇ ಇರಬೇಕು. ಅದಷ್ಟು ಚೆನ್ನಾಗಿ ಕಾಣುವವಳಿಗೆ ಬೇರೆ ಬಣ್ಣವೊಂದು ಕಳೆದುಹೋಗಿದೆ ಎಂದು ಹೇಗೆ ತಿಳಿಯಬೇಕು?

ಆದರೆ ಅನುಮಾನವೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ನನ್ನ ಅಪ್ಪನಿಗೆ ಹೆಚ್ಚುಕಡಿಮೆ ನನ್ನ ಈಗಿನ ವಯಸ್ಸಿನಲ್ಲೇ ಗ್ಲಾಕೋಮಾ ಬಂದು ದೃಷ್ಟಿ ಹೋಯಿತು. ಸಾಲಿಗ್ರಾಮದ ಮನೆಯಲ್ಲಿ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದರಿಂದ ಅದು ಶುರುವಾಯಿತು. ಅಂಚಿನಿಂದ ಒಳಕ್ಕೆ ಕತ್ತಲೆ ಕೂಡಿಕೊಂಡು ಬರುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ, ಮಕ್ಕಳು ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು ಎಂದು ಆಗಲೇ ಡಾಕ್ಟರು ಹೇಳಿದ್ದರು. ಅಣ್ಣ ತಪ್ಪದೆ ಮಾಡಿಸಿಕೊಳ್ಳುತ್ತಾನೆ. ನಾನು ಹೋಗಲಿಲ್ಲ. ಅದರ ಬದಲು ದಿನಾ ಬೆಳಿಗ್ಗೆ ಹಾಸಿಗೆಯ ಮೇಲೆ ಕೂತು, ಎರಡೂ ಕೈಗಳನ್ನು ರೆಕ್ಕೆಯಂತೆ ಪಕ್ಕಕ್ಕೆ ಚಾಚಿ, ಬೆರಳು ಅಲ್ಲಾಡಿಸಿ, ಕಾಣುತ್ತವೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಕಂಡರೆ ಕಾಫಿಗೆ ನೀರಿಡುತ್ತಿದ್ದೆ. ಯಾರಿಗೂ ಹೇಳದ ಈ ಪರೀಕ್ಷೆಯಲ್ಲಿ ನಾನು ಯಾವಾಗಲೂ ಪಾಸಾಗುತ್ತಿದ್ದೆ.

ಬಣ್ಣ ಮಾಸುವುದು ಅದೇ ಕಾಯಿಲೆಯ ಇನ್ನೊಂದು ದಾರಿಯೋ ಏನೋ ನನಗೆ ಗೊತ್ತಿರಲಿಲ್ಲ. ಹೊಲದ ಬದುವಿನ ಮೇಲೆ ಕೂತು ಅತ್ತಿಗೆಗೆ ಎಲ್ಲವನ್ನೂ ಹೇಳಿದೆ, ಬೆರಳು ಅಲ್ಲಾಡಿಸುವುದನ್ನೂ. ಹಕ್ಕಿ ಅಷ್ಟು ಹೊತ್ತೂ ತಂತಿಯ ಮೇಲೆಯೇ ಇತ್ತು. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಸೆರಗು ಸರಿಮಾಡಿಕೊಂಡು ಎದ್ದು, "ನಾಳೀಕೆ ಡಾಕ್ಟ್ರತ್ರ ಓಗಾದು. ನಾನೂ ಬತ್ತೀನಿ," ಎಂದಷ್ಟೇ ಹೇಳಿದರು.

ಮಾರನೆಯ ದಿನ ಮೈಸೂರಿನ ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಕೂತೆವು. ಕಣ್ಣಿಗೆ ಹನಿ ಹಾಕಿದರು, ಕಾಯಿಸಿದರು, ಮತ್ತೆ ಹಾಕಿದರು. ಯಾವುದೋ ಯಂತ್ರಕ್ಕೆ ಗದ್ದ ಇಡಿಸಿದರು. ಅತ್ತಿಗೆ ಪಕ್ಕದವರ ಕಣ್ಣಿನ ಕಥೆಯನ್ನೆಲ್ಲ ಕೇಳಿ ತಿಳಿದುಕೊಂಡು ಅದರಲ್ಲಿ ಒಳ್ಳೆಯದಾಗಿ ಮುಗಿದವನ್ನು ಮಾತ್ರ ನನಗೆ ದಾಟಿಸುತ್ತಿದ್ದರು. ಕೊನೆಗೆ ಡಾಕ್ಟರು ಒಳಗೆ ಕರೆದರು. ಚಿಕ್ಕ ವಯಸ್ಸಿನ ಹೆಂಗಸು. ಕಣ್ಣಿನ ಒತ್ತಡ ಸರಿಯಾಗಿದೆ, ಹಿಂದಿನ ನರ ಚೆನ್ನಾಗಿದೆ, ಇರುವುದು ಪೊರೆ ಎಂದರು. ಎರಡೂ ಕಣ್ಣಿನ ಪೊರೆ ಹಳದಿಗೆ ತಿರುಗಿದೆಯಂತೆ. ಹಳದಿ ಗಾಜಿನ ಕಿಟಕಿಯಿಂದ ನೋಡಿದರೆ ಮೊದಲು ಕೆಡುವುದು ನೀಲಿಯೇ ಎಂದು ವಿವರಿಸಿದರು. ಎಷ್ಟು ವರ್ಷದಿಂದ ಹೀಗಿದ್ದೀರಿ ಎಂದು ಕೇಳಿದಾಗ ದೀಪಾವಳಿಗೆ ತಂದ ರವಿಕೆಯ ವಿಷಯ ಹೇಳಿದೆ.

"ಅಂಗಾರೆ ನಮ್ಮ ಮಾವಯ್ಯಂಗೆ ಬಂದಿದ್ದು ಇವಳ್ಗಿಲ್ವಾ?" ಅತ್ತಿಗೆ ಕೇಳಿದರು.

"ಇಲ್ಲ. ವರ್ಷಕ್ಕೊಂದು ಸಲ ಬಂದು ತೋರಿಸಬೇಕು, ಅಷ್ಟೇ."

ನಾನು ಅದನ್ನೇ ಇನ್ನೊಂದು ಸಲ ಕೇಳಿದೆ. ಡಾಕ್ಟರು ಬೇಸರವಿಲ್ಲದೆ ಇನ್ನೊಂದು ಸಲ ಇಲ್ಲ ಎಂದರು. ಹೊರಗೆ ಬಂದವಳು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹನಿ ಹಾಕಿದ ಕಣ್ಣಿಗೆ ಬಿಸಿಲು ಚುಚ್ಚುತ್ತಿತ್ತು, ನೀರು ಸುರಿಯುತ್ತಿತ್ತು. ಅದರಲ್ಲಿ ಹನಿಯ ನೀರೆಷ್ಟು, ಅಳುವಿನದೆಷ್ಟು ಎಂದು ಬೇರೆ ಮಾಡುವ ಗೋಜಿಗೆ ಹೋಗಲಿಲ್ಲ. ಅತ್ತಿಗೆ ಕೈ ಹಿಡಿದು ಎಬ್ಬಿಸಿ ಎದುರಿನ ಹೋಟೆಲಿಗೆ ಕರೆದುಕೊಂಡು ಹೋದರು. ಸೆಟ್ ದೋಸೆ ತಿಂದೆವು. ಬೆಳಿಗ್ಗೆಯಿಂದ ಇಬ್ಬರೂ ಏನೂ ತಿಂದಿರಲಿಲ್ಲ ಎಂಬುದು ಆಗ ನೆನಪಾಯಿತು.

ಮುಂದಿನ ವಾರವೇ ಬಲಗಣ್ಣಿನ ಪೊರೆ ತೆಗೆದರು. ಎಡಗಣ್ಣಿನದು ಯುಗಾದಿ ಕಳೆದ ಮೇಲೆ ಎಂದರು. ಕಪ್ಪು ಕನ್ನಡಕ ಹಾಕಿಕೊಂಡು ಹುಣಸೂರಿನ ಮನೆಯಲ್ಲೇ ಇರಬೇಕಾಯಿತು. ಧೂಳಿಗೆ ಹೋಗುವ ಹಾಗಿರಲಿಲ್ಲ. ನನಗೀಗ ಇದ್ದದ್ದು ಒಂದೇ ಚಿಂತೆ, ಹಕ್ಕಿಯದು. ನೀಲಿ ಎಂದುಕೊಂಡು ಪುಸ್ತಕ ತೆರೆದರೆ ಹುಡುಕುವುದೇ ಬೇಡವಾಗಿತ್ತು: ನೀಲಿ ನೊಣಹಿಡುಕ. ಚಳಿಗಾಲ ಮುಗಿದರೆ ಹಿಮಾಲಯದ ಕಡೆ ಹೊರಟುಬಿಡುತ್ತದೆ. ಜಾತಿ ಹಿಡಿದವಳು ನಾನು, ಬಣ್ಣ ಹಿಡಿದವರು ಅತ್ತಿಗೆ. ಇಬ್ಬರೂ ಸೇರದಿದ್ದರೆ ನನ್ನ ಪಟ್ಟಿಯಲ್ಲಿ ಅದು ಹೆಸರಿಲ್ಲದ ಬೂದಿ ಹಕ್ಕಿಯಾಗಿ, ಅವರ ಬಾಯಲ್ಲಿ ಮೊಂಡು ಕೊಕ್ಕಿನ ಮಿಂಚುಳ್ಳಿಯಾಗಿ ಉಳಿಯುತ್ತಿತ್ತು.

ಅತ್ತಿಗೆ ಹಾಲು ಕರೆದು ಮುಗಿದ ಮೇಲೆ ಫೋನ್ ಮಾಡುತ್ತಿದ್ದರು. "ಐತೆ ಕಣವ್ವ, ಇನ್ನೂ ಓಗಿಲ್ಲ," ಎಂದು ಇಟ್ಟುಬಿಡುತ್ತಿದ್ದರು. ಒಂದು ದಿನ ಕಾಣಲಿಲ್ಲ ಎಂದರು. ಮಾರನೆಯ ದಿನ, ತಂತಿ ಬಿಟ್ಟು ತೇಗದ ಒಣಕೊಂಬೆಗೆ ಜಾಗ ಬದಲಾಯಿಸಿದೆ, ನನ್ನ ದಾರಿ ಕಾದು ಅದಕ್ಕೂ ಸಾಕಾಗಿರಬೇಕು ಎಂದರು.

ಡಾಕ್ಟರು ಹೊರಗೆ ಹೋಗಬಹುದು ಎಂದ ಮರುದಿನವೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನೀಲಿ ಕಾಣುತ್ತಿತ್ತು: ನೀರಿನ ಡ್ರಮ್ಮು, ಯಾರದೋ ಬಾಗಿಲು, ಗದ್ದೆ ಬದುವಿನ ಟಾರ್ಪಾಲು. ಅತ್ತಿಗೆ ಬೇಕೆಂದೇ ಅದೇ ಸೀರೆ, ಅದೇ ರವಿಕೆ ತೊಟ್ಟು ಬಸ್‌ಸ್ಟಾಪಿನಲ್ಲಿ ನಿಂತಿದ್ದರು.

ಹಕ್ಕಿ ತೇಗದ ತುದಿಯಲ್ಲಿತ್ತು. ಇಂಥ ನೀಲಿಯನ್ನು ನಾನು ಹಿಂದೆ ಕಂಡಿದ್ದೆನೇ, ಗೊತ್ತಿಲ್ಲ. ಚಿಕ್ಕಂದಿನಲ್ಲಿ ಕಾವೇರಿ ದಂಡೆಯಲ್ಲಿ ಕಂಡಿರಬಹುದು, ಆದರೆ ಆ ನೆನಪಿಗೂ ನಾನು ಈಗಲೇ ಬಣ್ಣ ಹಚ್ಚುತ್ತಿರಬಹುದು. ಕೊಕ್ಕಿನ ಬುಡದಲ್ಲಿ ಒಂದು ಕಪ್ಪು ಮಚ್ಚೆ, ಉಳಿದದ್ದೆಲ್ಲ ಬೆಳಕೇ ನೀಲಿಯಾದ ಹಾಗೆ. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದೆ. ಡೈರಿಯಲ್ಲಿದ್ದ ಬೂದಿ ಹಕ್ಕಿ ಅದೇ ಕೊಂಬೆಯ ಮೇಲೆ ಕೂತಿತ್ತು. ಹಾಗಾದರೆ ಅವತ್ತು ನಾನು ಬರೆದದ್ದು ಸುಳ್ಳಾಗಿರಲಿಲ್ಲ. ಒಂದು ಮುಚ್ಚಿ, ಒಂದು ತೆರೆದು, ಹಲವು ಸಲ ನೋಡಿದೆ.

"ಅದೇನು ಹಕ್ಕಿಗೇ ಕಣ್ಣೊಡೀತಿದ್ದೀಯ?" ಅತ್ತಿಗೆ ಕೇಳಿದರು. ಆಮೇಲೆ ರವಿಕೆಯ ತೋಳು ಮುಂದೆ ಚಾಚಿ, "ಈಗ ಯೋಳು, ಮ್ಯಾಚಿಂಗ್ ಆಯ್ತದಾ?"

"ಇಲ್ಲ ಅತ್ತಿಗೆ. ಒಂದಕ್ಕೊಂದು ಸ್ವಲ್ಪವೂ ಹೊಂದುವುದಿಲ್ಲ."

"ಅಬ್ಬ," ಎಂದರು ಅವರು, ಮತ್ತು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟರು, ಆಸ್ಪತ್ರೆಯ ಮೆಟ್ಟಿಲ ಮೇಲೆ ನಾನು ಕೂತ ಹಾಗೆಯೇ.