ಅಕ್ಕ ಬೇರೆ ಏಜೆಂಟನನ್ನು ಕರೆತಂದಳು

ನನ್ನ ನಾಲ್ಕು ಪವರ್‌ಲೂಮ್ ಮಗ್ಗಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದ ಮೇಲೆ ನಾನು ಮನೆ ಮಾರಿಸಿಕೊಡುವ ಏಜೆಂಟನಾದೆ. ಬನಹಟ್ಟಿಯಲ್ಲಿ ಮಗ್ಗದ ಸದ್ದು ನಿಂತ ಮನೆ ನಮ್ಮದೊಂದೇ ಆಗಿರಲಿಲ್ಲ. ಮಾರುವವರು ಬೇಕಾದಷ್ಟು ಜನ ಇದ್ದರು. ಒಂದು ಫೋನು, ಒಂದು ಬೈಕು, ಚಹಾದಂಗಡಿಯಲ್ಲಿ ದಿನವಿಡೀ ಕೂರುವ ತಾಳ್ಮೆ ಇದ್ದರೆ ಆಯಿತು ಎಂದುಕೊಂಡಿದ್ದೆ.

ಕಮಿಷನ್ ಎಂಬುದು ನಮ್ಮ ಕಡೆ ಬಾಯಿಮಾತಿನದು. ಮಾರುವವರಿಂದ ನೂರಕ್ಕೆ ಎರಡು, ಕೊಳ್ಳುವವರಿಂದ ನೂರಕ್ಕೆ ಎರಡು. ಖರೀದಿ ಪತ್ರಕ್ಕೆ ಸಹಿ ಬಿದ್ದ ದಿನ ಕೊಡಬೇಕು. ಅಲ್ಲಿಯವರೆಗಿನ ಓಡಾಟ, ಕಾಗದಪತ್ರ ತೆಗೆಸುವುದು, ಪೆಟ್ರೋಲು ಎಲ್ಲ ನಮ್ಮ ತಲೆಯ ಮೇಲೆ. ಮೊದಲ ವರ್ಷ ಬೀಳಗಿಯ ಗಿರಾಕಿಯೊಬ್ಬನನ್ನು ಜಮಖಂಡಿಯ ಒಂದೇ ಮನೆಗೆ ಆರು ಸಲ ಕರೆದೊಯ್ದೆ. ಆರನೇ ಸಲ, "ರೇಟು ಹೊಂದವಲ್ದು, ಬಿಡ್ರಿ" ಎಂದ. ಎರಡು ತಿಂಗಳ ಮೇಲೆ ಆ ಓಣಿಯಲ್ಲಿ ಹೋಗುವಾಗ ನೋಡಿದರೆ ಅವನೇ ನಿಂತು ಅದೇ ಮನೆಗೆ ಬಣ್ಣ ಹೊಡೆಸುತ್ತಿದ್ದ. ನನ್ನನ್ನು ಕಂಡು ಮುಖವೇನೂ ಸಣ್ಣದು ಮಾಡಿಕೊಳ್ಳಲಿಲ್ಲ. "ಬರ್ರಿ, ಚಾ ಕುಡುದು ಹೋಗ್ರಿ" ಎಂದ. ಕುಡಿದು ಬಂದೆ. ಜಗಳ ತೆಗೆಯಲು ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ.

ಆಗ ಹಳೆಯ ಏಜೆಂಟರೊಬ್ಬರು ದಾರಿ ಹೇಳಿಕೊಟ್ಟರು.

"ಪರ್ಸೆಂಟ್ ಕೇಳಾಕ ಹೋಗಬ್ಯಾಡ. 'ನಿಮ್ಮ ಕೈಗೆ ಎಷ್ಟು ಬರಬೇಕು' ಅಂತ ಮಾರಾವ್ರನ್ನ ಕೇಳು. ಅದರ ಮ್ಯಾಲ ಬಂದದ್ದೆಲ್ಲಾ ನಿಂದು. ಎರಡೂ ಕಡಿಯವ್ರು ರೊಕ್ಕದ ಮಾತು ಆಡದಂಗ ನೋಡಕೊ, ಸಾಕು."

ಮುಧೋಳದಲ್ಲಿ ನನ್ನ ಅಕ್ಕನ ಗಂಡನ ಮನೆ. ಅದೇ ಓಣಿಯಲ್ಲಿ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಒಬ್ಬ ಹೆಂಗಸಿದ್ದರು. ಎಲ್ಲರೂ ಅವರನ್ನು ಬಾಯಾರು ಎನ್ನುತ್ತಿದ್ದರು. ಮೊಣಕಾಲು ನೋವಿನಿಂದ ಮಹಡಿ ಹತ್ತಲಾಗದೆ ಮನೆ ಮಾರಿ ಸಣ್ಣದೊಂದು ಬಾಡಿಗೆ ಮನೆಗೆ ಹೋಗಬೇಕೆಂದಿದ್ದರು. ಅಕ್ಕನೇ ನನ್ನನ್ನು ಅವರ ಬಳಿ ಕರೆದೊಯ್ದಳು. ಹದಿನೆಂಟು ಲಕ್ಷ ಕೈಗೆ ಬಂದರೆ ಸಾಕು ಎಂದರು. "ನಿನ್ನ ಕಮಿಷನ್ ಎಷ್ಟಪಾ?" ಎಂದೂ ಕೇಳಿದರು. "ನಿಮ್ಮ ಕಡಿಂದ ಏನೂ ಬ್ಯಾಡ್ರಿ ಬಾಯಾರ" ಎಂದೆ.

ಮನೆಯನ್ನು ಇಪ್ಪತ್ತೊಂದಕ್ಕೆ ಮಾರಿದೆ. ಮೇಲಿನ ಮೂರು ಲಕ್ಷ ಮೊದಲೇ ನಗದಾಗಿ ನನ್ನ ಕೈಗೆ ಬಂತು, ನನ್ನಲ್ಲೇ ಉಳಿಯಿತು. ಪತ್ರದಲ್ಲಿ ಬರೆಸಿದ್ದು ನಿಜ ಬೆಲೆಗಿಂತ ಕಡಿಮೆಯಿರುವ ಸರಕಾರಿ ರೇಟು, ಹಾಗಾಗಿ ಅದನ್ನು ಓದಿ ಯಾರಿಗೂ ಏನೂ ತಿಳಿಯುವಂತಿರಲಿಲ್ಲ.

ತಿಂಗಳ ಮೇಲೆ ಅಕ್ಕನ ಮನೆಗೆ ಹೋಗಿದ್ದೆ. ಬಾಯಾರು ಗೋಡೆ ಹಿಡಿದುಕೊಳ್ಳುತ್ತ ಅಲ್ಲಿಗೇ ಬಂದರು. ಮನೆ ಕೊಂಡವನ ಹೆಂಡತಿ ಮಾತಿನ ನಡುವೆ ಬೆಲೆ ಹೇಳಿಬಿಟ್ಟಿದ್ದಳು.

"ತಮ್ಮಾ, ಮನಿ ಇಪ್ಪತ್ತೊಂದಕ್ಕ ಹೋತಂತ?"

"ಅದರಾಗ ಖರ್ಚು ಇರತಾವ್ರಿ ಬಾಯಾರ."

"ಇರಲಿ" ಎಂದರು. ದನಿ ಏರಿಸಲಿಲ್ಲ. "ಹುಡುಗ ನನ್ನ ಕಡಿಂದ ಒಂದು ರೂಪಾಯಿ ಮುಟ್ಟಲಿಲ್ಲಂತ ಓಣ್ಯಾಗೆಲ್ಲಾ ಹೇಳಕೋತ ಅಡ್ಡ್ಯಾಡಿದ್ನೆಪಾ ನಾ. ಕೇಳಿದ್ರ ಕೊಡತಿದ್ದೆ."

ಅಕ್ಕ ಚಹಾದ ಕಪ್ಪುಗಳನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಅವನ್ನು ಕೆಳಗಿಟ್ಟು ಒಳಗೆ ಹೋದಳು. ನಾನು ಎದ್ದು ಹೊರಡುವವರೆಗೂ ಹೊರಗೆ ಬರಲಿಲ್ಲ. ಆ ರೊಕ್ಕ ನಾನು ತಿರುಗಿ ಕೊಡಲಿಲ್ಲ. ಅರ್ಧ ಮನೆ ನಡೆಸಲಿಕ್ಕೆ, ಅರ್ಧ ಹೊಸ ಬೈಕಿಗೆ ಹೋಗಿತ್ತು. ಕೈಯಲ್ಲಿ ಇದ್ದಿದ್ದರೂ ಕೊಡುತ್ತಿದ್ದೆನೆಂದು ಇವತ್ತಿಗೂ ಧೈರ್ಯವಾಗಿ ಹೇಳಲಾರೆ.

ಮರುವರ್ಷ ಬನಹಟ್ಟಿಯ ನಮ್ಮ ಮನೆ ಮಾರುವ ಮಾತು ಬಂತು. ಅಪ್ಪ ತೀರಿದ ಮೇಲೆ ಅದು ನಮ್ಮಿಬ್ಬರ ಹೆಸರಿಗಾಗಿತ್ತು. ಅಕ್ಕ ತನ್ನ ಪಾಲು ಕೇಳಿದಳು. ಅವಳ ಪಾಲಿನ ರೊಕ್ಕ ಕೊಟ್ಟು ಮನೆ ಉಳಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ. ತೇರದಾಳದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಗಂಡ ಹೆಂಡತಿ ನನ್ನ ಗುರುತಿನವರು. ಬಂದು ಮನೆ ನೋಡಿದರು, ಮಗ್ಗದ ಶೆಡ್ಡಿನಲ್ಲಿ ಅಂಗಡಿ ತೆರೆಯುತ್ತೇವೆ ಎಂದರು. ಹತ್ತೊಂಬತ್ತಕ್ಕೆ ಒಪ್ಪಿದರು. ಖುಷಿಯಿಂದ ಅಕ್ಕನಿಗೆ ಫೋನ್ ಮಾಡಿದೆ.

"ನಿನ್ನ ಪಾರ್ಟಿ ಬ್ಯಾಡ" ಎಂದಳು.

"ಯಾಕಕ್ಕಾ? ಕಮಿಷನ್ ಸೈತ ಇಲ್ಲ ಇದರಾಗ."

"ಅದಕ್ಕೇ ಬ್ಯಾಡ. ನಿನ್ನ ಕೈಯಾಗ ಕೊಟ್ರ ಖರೆ ರೇಟು ಎಷ್ಟಂತ ನನಗ ಹೆಂಗ ಗೊತ್ತಾಗಬೇಕು?"

ಅವಳು ಜಮಖಂಡಿಯ ಏಜೆಂಟನೊಬ್ಬನನ್ನು ಕರೆತಂದಳು. ಅವನು ನೂರಕ್ಕೆ ಒಂದು ಸಾಕು ಎಂದು ಸ್ಟಾಂಪ್ ಪೇಪರಿನ ಮೇಲೆ ಬರೆದು ಕೊಟ್ಟ. ಅಕ್ಕ ಆ ಕಾಗದವನ್ನು ನನ್ನ ಕಣ್ಣೆದುರೇ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು. ಅವನು ಒಬ್ಬನೇ ಒಬ್ಬ ಗಿರಾಕಿಯನ್ನು ತಂದು, ಮಗ್ಗದ ಮನೆ, ಗೋಡೆಯೆಲ್ಲ ಅದುರಿದೆ, ಹದಿನಾರರ ಮೇಲೆ ಯಾರೂ ಕೇಳುವುದಿಲ್ಲ ಎಂದ. ಅಕ್ಕ ಅಷ್ಟಕ್ಕೇ ಒಪ್ಪಿದಳು. ಆ ಗಿರಾಕಿ ಅಂಗಳದಲ್ಲಿ ನಿಂತು ಫೋನ್ ನೋಡಿಕೊಂಡು ಹೋದ. ವಾಸಕ್ಕೆಂದು ಮನೆ ಕೊಳ್ಳುವವರು ನಳ ತಿರುಗಿಸುತ್ತಾರೆ, ನೀರು ಯಾವಾಗ ಬರುತ್ತದೆಂದು ಕೇಳುತ್ತಾರೆ, ಅಡುಗೆಮನೆಯಲ್ಲಿ ಎರಡು ನಿಮಿಷ ನಿಲ್ಲುತ್ತಾರೆ. ಇವನು ಹೊಸ್ತಿಲು ಸಹ ದಾಟಲಿಲ್ಲ.

ಸಹಿಯ ದಿನ ಸಬ್ ರಜಿಸ್ಟ್ರಾರ್ ಆಫೀಸಿನ ಮುಂದೆ ಅಕ್ಕನನ್ನು ಪಕ್ಕಕ್ಕೆ ಕರೆದೆ.

"ಅಕ್ಕಾ, ಇಂವ ಇರಾಕ ತಗೊಳ್ಳಾಕತ್ತಿಲ್ಲ. ಏಜೆಂಟಾ ಇಂವಾ ಇಬ್ಬರೂ ಒಂದ ಅದಾರ. ತೇರದಾಳದವ್ರು ಹತ್ತೊಂಬತ್ತಕ್ಕ ಇನ್ನೂ ಕಾಯಾಕತ್ತಾರ, ನೀನ ಮಾತಾಡು ಅವರ ಜೋಡಿ" ಎಂದು ಫೋನ್ ಮುಂದೆ ಹಿಡಿದೆ.

ಅವಳು ಫೋನ್ ಮುಟ್ಟಲಿಲ್ಲ. "ಎಲ್ಲಾರೂ ನಿನ್ನಂಗ ಇರತಾರಂತ ತಿಳಕೊಂಡಿಯೇನು?"

ಸಹಿ ಮಾಡುವುದಿಲ್ಲವೆಂದು ಹಟ ಹಿಡಿಯಬಹುದಿತ್ತು. ಹಿಡಿದರೆ ಕಮಿಷನ್ ಆಸೆಗೆ ಎನ್ನುತ್ತಾಳೆ ಎನಿಸಿ ಒಳಗೆ ಹೋಗಿ ಹೆಬ್ಬೆಟ್ಟು ಒತ್ತಿದೆ, ಸಹಿ ಮಾಡಿದೆ.

ಕೊಂಡವನು ಆ ಏಜೆಂಟನ ಹೆಂಡತಿಯ ತಮ್ಮ. ನಾಲ್ಕು ತಿಂಗಳೊಳಗೆ ಅವರು ಮನೆಯನ್ನು ಇಪ್ಪತ್ತಕ್ಕೆ ಮಾರಿದರು. ತೆಗೆದುಕೊಂಡವರು ಅದೇ ತೇರದಾಳದ ಗಂಡ ಹೆಂಡತಿ. ಗಂಡ ನನಗೆ ಫೋನ್ ಮಾಡಿ, "ನೀವ ಕೊಡಿಸಿದ್ರ ಒಂದು ಲಕ್ಷ ಉಳೀತಿತ್ತಲ್ರಿ" ಎಂದ.

ಅಕ್ಕನಿಗೆ ಹೇಳಲು ಮುಧೋಳಕ್ಕೆ ಹೋದೆ. ಕೇಳಿದರೆ ಸಿಟ್ಟಾಗುತ್ತಾಳೆ, ಅಳುತ್ತಾಳೆ, ನನ್ನ ಮಾತು ಖರೆಯಾಗಿತ್ತೆಂದಾದರೂ ಒಪ್ಪುತ್ತಾಳೆ ಎಂದುಕೊಂಡಿದ್ದೆ. ಅವಳು ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದಳು. ಕೈ ನಿಲ್ಲಿಸಲಿಲ್ಲ.

"ಗೊತ್ತಾತು ನನಗ. ಅಂವ ಹೊರಗಿನಾಂವ, ಮಾಡಿದ. ಅದಕ್ಕೇನ ಮಾಡಾಕ ಬರತೈತಿ?" ಎಂದಳು. ಇನ್ನೊಂದು ಕಟ್ಟು ಬಿಚ್ಚುತ್ತ, "ಬಾಯಾರು ಈಗ ನಮ್ಮ ಮನಿಗೆ ಬರಂಗಿಲ್ಲ" ಎಂದಳು.

ಈಗ ರಬಕವಿಯಲ್ಲಿ ಬಾಡಿಗೆಗಿದ್ದೇನೆ. ನನ್ನ ಪಾಲಿನ ರೊಕ್ಕ ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕರಗುತ್ತಿದೆ. ಬೇರೆ ಕೆಲಸ ಬರದು, ಹಾಗಾಗಿ ಇದನ್ನೇ ಮಾಡುತ್ತಿದ್ದೇನೆ. ಹೋದ ವಾರ ಚಿಮ್ಮಡದವರೊಬ್ಬರು ಫೋನ್ ಮಾಡಿ, ಮನೆ ಮಾರುವುದಿದೆ, ನಿಮ್ಮ ಕಮಿಷನ್ ಎಷ್ಟು ಎಂದು ಕೇಳಿದರು. ನೂರಕ್ಕೆ ಎರಡು ಎಂದೆ, ಬರೆದು ಕೊಡುತ್ತೇನೆ ಎಂದೂ ಹೇಳಿದೆ. "ವಿಚಾರ ಮಾಡಿ ಹೇಳತೇವ್ರಿ" ಎಂದು ಇಟ್ಟರು. ಮತ್ತೆ ಫೋನ್ ಬಂದಿಲ್ಲ.